ಉಪ್ಪುಗದ್ದೆಯ ಸೊಸೆ

ಆ ಮನೆಯಿಂದ ಸಿಹಿನೀರಿನ ನಲ್ಲಿಗೆ ಒಂದೂವರೆ ಮೈಲಿ ನಡೆಯಬೇಕಿತ್ತು. ಜಗಳಕ್ಕಾದರೆ ಅಡುಗೆಮನೆಯ ಹೊಸಿಲು ದಾಟಿದರೆ ಸಾಕಿತ್ತು.

ನಾಲ್ಕು ವರ್ಷದ ಹಿಂದೆ ಬಿರುಗಾಳಿಗೆ ಸಮುದ್ರದ ಕಡೆಯ ಏರಿ ಒಡೆದು, ಉಪ್ಪುನೀರು ಗದ್ದೆಗಳ ಮೇಲೆ ಹನ್ನೊಂದು ದಿನ ನಿಂತಿತ್ತು. ಏರಿಯನ್ನು ಮತ್ತೆ ಕಟ್ಟಿದರು, ನೀರು ಇಳಿಯಿತು, ಉಪ್ಪು ಮಾತ್ರ ಹೋಗಲಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ಗದ್ದೆಗೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಏಳುತ್ತಿತ್ತು. ಬಾವಿ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ. ಅತ್ತೆ, ಸೊಸೆ ದಿನಕ್ಕೆರಡು ಸಲ ಕೊಡ ಹೊತ್ತು ನಲ್ಲಿಗೆ ಹೋಗಿ ಬರುತ್ತಿದ್ದರು. ಸೊಸೆ ದಾರಿಯುದ್ದಕ್ಕೂ ಗೊಣಗುತ್ತಿದ್ದಳು, ಅತ್ತೆ ಬಾಯಿ ಬಿಡುತ್ತಿರಲಿಲ್ಲ.

ಮಾವ ಪ್ರತಿ ಮಳೆಗಾಲವೂ ಹಟ ಹಿಡಿದು ಹಳೆಯ ಬೀಜವನ್ನೇ ಬಿತ್ತುತ್ತಿದ್ದರು. ಪೈರು ಗೇಣುದ್ದ ಎದ್ದು, ತುದಿ ಬೆಳ್ಳಗಾಗಿ, ಸುಟ್ಟ ಹುಲ್ಲಿನ ಹಾಗೆ ಮಲಗಿಬಿಡುತ್ತಿತ್ತು. "ಬರೋ ವರ್ಷದ ಮಳೆಗೆ ಎಲ್ಲಾ ತೊಳೆದು ಹೋಗುತ್ತೆ ನೋಡು" ಎನ್ನುತ್ತಿದ್ದರು. ಏರಿ ಒಡೆದ ದಿನ ಮರಳಿನ ಚೀಲ ಹೊರಲು ಹೋಗಿ ಜಾರಿ ಬಿದ್ದು ಅವರ ಬಲ ಮಂಡಿ ಮಡಿಸಲು ಬಾರದಂತಾಗಿತ್ತು. ಆದರೂ ಊರಿನವರು ಅವರನ್ನು ಕರೆಯುತ್ತಿದ್ದದ್ದು ಏರಿ ಯಜಮಾನ ಎಂದೇ.

ಸೊಸೆಯನ್ನು ಊರು ಕರೆಯುತ್ತಿದ್ದದ್ದು ಟೈಲರಮ್ಮ ಎಂದು. ಹನ್ನೆರಡು ವರ್ಷದ ಹಿಂದೆ ಹೊಲಿಗೆ ಮಿಷನ್ ಜೊತೆ ಈ ಮನೆಗೆ ಬಂದವಳು. ಗಂಡ ಐದು ಗಂಟೆ ದೂರದ ಪಟ್ಟಣದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ವಾರಕ್ಕೊಂದು ಭಾನುವಾರ ಬರುತ್ತಿದ್ದ. ಅಲ್ಲಿ ಎರಡು ಕೋಣೆಯ ಮನೆ, ಮನೆಯೊಳಗೇ ನಲ್ಲಿ, ರಸ್ತೆಯ ಆಚೆಗೆ ಹತ್ತು ವರ್ಷದ ಮಗಳು ಪುಟ್ಟಿಗೆ ಒಳ್ಳೆಯ ಶಾಲೆ. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಒಡತಿ ಟೈಲರಮ್ಮ ಕತ್ತರಿಸಿದ ಬಟ್ಟೆ ನೋಡಿ, "ಇಷ್ಟು ನೇರವಾದ ಕೈ ನನ್ನ ಹತ್ರ ಒಂದೂ ಇಲ್ಲ. ಕತ್ತರಿಸೋ ಮೇಜು ನಿನಗೇ ಇಟ್ಟಿರ್ತೀನಿ, ಬೇಗ ಬಾ" ಎಂದಿದ್ದಳು. ಎಲ್ಲವೂ ಸಿದ್ಧವಾಗಿತ್ತು, ಒಂದು ಮಾತಿನ ಹೊರತು. ಊರು ಬಿಟ್ಟು ಬರುತ್ತೇನೆಂದು ಮಾವ ಒಪ್ಪಬೇಕಿತ್ತು.

"ಅಪ್ಪನ್ನ ಬಿಟ್ಟು ಹೇಗೇ ಬರೋದು?" ಎನ್ನುತ್ತಿದ್ದ ಗಂಡ.

"ಬಿಟ್ಟು ಬನ್ನಿ ಅಂದೆನಾ? ಕರ್ಕೊಂಡು ಬನ್ನಿ ಅಂದೆ."

"ಅವರು ಬರಲ್ವಲ್ಲೇ."

ಮಾತು ಅಲ್ಲಿಗೆ ನಿಂತು ಮತ್ತೆರಡು ವಾರ ಅಲ್ಲೇ ಕೂತಿರುತ್ತಿತ್ತು.

ಆ ವರ್ಷ ಮಳೆಗೆ ಮೊದಲು ಮಣ್ಣು ಪರೀಕ್ಷೆಯ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಸ್ಕೂಟರಿನಲ್ಲಿ ಬಂದಳು. ಪೆನ್ನಿನಂಥ ಮಾಪಕವನ್ನು ಗದ್ದೆಯ ನೀರಿಗೆ ಅದ್ದಿ, ಅಂಕಿ ನೋಡಿ, ತುಟಿ ಕಚ್ಚಿದಳು. ಊರವರು ಅದಾಗಲೇ ಅವಳಿಗೆ ಮಣ್ಣಿನ ಮೇಡಂ ಎಂದು ಹೆಸರಿಟ್ಟಾಗಿತ್ತು.

"ಇದು ಉಪ್ಪು ತಡ್ಕೊಳ್ಳೋ ಭತ್ತ" ಎಂದು ಜಗಲಿಯ ಮೇಲೆ ಬೀಜದ ಚೀಲವಿಟ್ಟಳು. "ಸಸಿ ಇದ್ದಾಗ ಒಂದ್ಸಲ, ಹೂ ಬಿಡೋವಾಗ ಒಂದ್ಸಲ, ಈ ಎರಡು ಹೊತ್ತು ಮಗು ಥರ ನೋಡ್ಕೋಬೇಕು. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ. ಒಂದು ಗದ್ದೆ ಕೊಡಿ ಸಾಕು, ಪರೀಕ್ಷೆಗೆ."

ಮಾವ ನಕ್ಕರು. "ನಮ್ಮಜ್ಜನ ಕಾಲದ ಬೀಜಾನೇ ಕೈ ಕೊಡ್ತು. ಪೊಟ್ಟಣದಲ್ಲಿ ಬಂದಿದ್ದು ಏನು ಕಡಿದು ಕಟ್ಟೆ ಹಾಕುತ್ತೆ? ಬೇರೆ ಮನೆ ನೋಡಿ ಮೇಡಂ."

"ಎಲ್ಲಾ ಮನೆ ನೋಡ್ಕೊಂಡೇ ಬಂದೆ ಯಜಮಾನ್ರೇ. ನಿಮ್ಮದೇ ಕೊನೇದು."

ಒಳಗೆ ಗುಂಡಿ ಹಾಕುತ್ತಿದ್ದ ಸೊಸೆ ಬಾಯಲ್ಲಿದ್ದ ಸೂಜಿ ತೆಗೆದು ಹೊರಗೆ ಬಂದಳು. "ನಾನು ಹಾಕ್ತೀನಿ" ಎಂದಳು. ಮಾವ ಹುಬ್ಬೇರಿಸಿದರು. ಅವಳು ಅವರ ಕಡೆ ತಿರುಗಿದಳು. "ಮಾವ, ಇದಕ್ಕಿಂತ ಗಟ್ಟಿ ಬೀಜ ಇನ್ನಿಲ್ಲ ಅಂತಿದಾರೆ. ಇದೂ ಬರದಿದ್ರೆ?"

"ಬರದಿದ್ರೆ ಏನು?"

"ಬರದಿದ್ರೆ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬರ್ತೀರಾ?"

ಮಾವ ಬಹಳ ಹೊತ್ತು ಮಂಡಿ ನೀವಿಕೊಂಡರು. "ಆಯ್ತಮ್ಮಾ, ಬರ್ತೀನಿ" ಎಂದರು ಕೊನೆಗೆ. "ಆದ್ರೆ ಬಂತು ಅಂದ್ರೆ ಮಾತ್ರ ಈ ಮನೇಲಿ ಪಟ್ಟಣದ ಸುದ್ದಿ ಎತ್ತಬಾರದು."

"ಎತ್ತಲ್ಲ" ಎಂದಳು ಸೊಸೆ. ಆ ಸುಣ್ಣದಂಥ ನೆಲದಲ್ಲಿ ಭತ್ತವಾದರೆ ಬೋಳುತಲೆಯಲ್ಲಿ ಜಡೆ ಬಂದ ಹಾಗೆ, ಎಂದೇ ಅವಳ ನಂಬಿಕೆ. ಬಾಗಿಲ ಬಳಿ ನಿಂತ ಅತ್ತೆ ಇಬ್ಬರ ಮುಖವನ್ನೂ ನೋಡಿ, ಮೇಡಂಗೆ ಕುಡಿಯಲು ನೀರು ಕೊಟ್ಟರು. ಅರ್ಧ ಲೋಟ ಮಾತ್ರ.

ಕಷ್ಟವೆಂದರೆ ಟೈಲರಮ್ಮನ ಕೈ. ಅರೆಬರೆ ಕೆಲಸ ಆ ಕೈಗೆ ಗೊತ್ತಿರಲಿಲ್ಲ. ಮಣ್ಣಿನ ಮೇಡಂ ಹೇಳಿದ ಹಾಗೆ ಮೊದಲ ಮಳೆಯ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಉಪ್ಪು ಕರಗಿಸಿ, ಸಮುದ್ರ ಇಳಿದ ಹೊತ್ತಿಗೆ ಏರಿಯ ತೂಬಿನ ಹಲಗೆ ಎತ್ತಿ ಹೊರಗೆ ಬಿಟ್ಟಳು. ಸಮುದ್ರ ಏರುವ ಮೊದಲು ಓಡಿಹೋಗಿ ಹಲಗೆ ಇಳಿಸಿದಳು. ಹೀಗೆ ಐದು ಸಲ. ಮನೆಯ ಹಿಂದಿನ ಎತ್ತರದ ಜಾಗದಲ್ಲಿ ಸಸಿಮಡಿ ಮಾಡಿ, ನಡುವೆ ಬಿಸಿಲು ಬಿದ್ದಾಗ ನಲ್ಲಿಯಿಂದ ತಂದ ಕೊಡದಲ್ಲೇ ಅದಕ್ಕೂ ಒಂದು ಪಾಲು ಹಾಕಿದಳು.

"ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ. ಉಪ್ಪು ತಿಂದಿದ್ದು ನೆಲ, ನೀರು ಹೊರೋದು ನಾವು" ಎಂದರು ಅತ್ತೆ. ವರ್ಷಕ್ಕೊಂದು ಸಲ ಅವರು ತಮಾಷೆ ಮಾಡುವುದು. ಸೊಸೆ ನಗುವುದನ್ನೂ ಮರೆತು ಅವರ ಮುಖ ನೋಡಿದಳು.

ಮಾವ ಮೊದಲ ವಾರ ಜಗಲಿಯಿಂದ ಗೇಲಿ ಮಾಡಿದರು. ಎರಡನೆಯ ವಾರ, "ಸಸಿ ಎಳೇದು, ಈಗಲೇ ಕೀಳಬೇಡ, ಇನ್ನೂ ಎಂಟು ದಿನ ಬಲೀಲಿ" ಎಂದು ಕೂಗಿದರು. ನಾಟಿಯ ದಿನ ಕೋಲೂರಿಕೊಂಡು ಬದುವಿನವರೆಗೂ ಬಂದು, "ಹತ್ತಿರ ಹತ್ತಿರ ನೆಡಮ್ಮಾ, ಒಂದು ಸತ್ತರೆ ಪಕ್ಕದ್ದು ನಿಲ್ಲುತ್ತೆ" ಎಂದರು. ಅಂದು ಮಧ್ಯಾಹ್ನದ ಊಟಕ್ಕೆ ಸೊಸೆ ತಡವಾಗಿ ಬಂದಾಗ, ತಟ್ಟೆ ಮುಂದಿಟ್ಟುಕೊಂಡು ಅವಳಿಗಾಗಿ ಕಾದಿದ್ದರು. ಹನ್ನೆರಡು ವರ್ಷದಲ್ಲಿ ಅದು ಮೊದಲ ಸಲ.

ಗಂಡ ಭಾನುವಾರ ಬಂದವನು ಬದುವಿನ ಮೇಲೆ ನಿಂತು ಬೆರಗಾದ. ಪೈರು ಮೊಣಕಾಲುದ್ದ ನಿಂತಿತ್ತು. ಅಕ್ಕಪಕ್ಕದ ಗದ್ದೆಗಳೆಲ್ಲ ಬಿಳಿ, ನಡುವೆ ಇದೊಂದೇ ಹಸಿರು.

"ಏನೇ ಇದು, ಬೆಳೀತಿದೆಯಲ್ಲೇ?"

"ಬೆಳೀತಿದೆ."

"ಬರಲ್ಲ ಅಂತ ತೋರಿಸೋಕೆ ಹಾಕಿದ್ದು ತಾನೇ ನೀನು?"

"ಹೌದು."

"ಮತ್ತೆ ಇಷ್ಟು ಚೆನ್ನಾಗಿ ಯಾಕೆ ನೋಡ್ಕೊಂಡೆ?"

"ವಕ್ರ ಹೊಲಿಗೆ ಹಾಕೋಕೆ ನನಗೆ ಬರಲ್ಲ" ಎಂದು ಸೊಸೆ ಸಿಡುಕಿದಳು. "ನೀವು ಬೇಕಂತ ಕೆಟ್ಟ ಬ್ರೇಕು ಹಾಕಿ ಬಸ್ಸು ಬಿಡ್ತೀರಾ?"

ಗಂಡ ತಲೆ ಕೆರೆದುಕೊಂಡ. "ಹೂ ಬಿಡೋವಾಗ ಸತ್ತರೂ ಸಾಯಬಹುದು ಅಂತ ಮೇಡಂ ಹೇಳಿದಾರಲ್ಲ" ಎಂದ, ಸಮಾಧಾನ ಮಾಡುವವನ ಹಾಗೆ. ಹಾಗೆಂದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. 

ಪೈರು ಹೂ ಬಿಟ್ಟ ವಾರಕ್ಕೇ ಹುಣ್ಣಿಮೆಯ ಉಬ್ಬರ ಬಂತು. ಆ ದಿನಗಳಲ್ಲಿ ನಡುಮಧ್ಯಾಹ್ನಕ್ಕೆ ಸಮುದ್ರ ಏರಿಯ ಎದೆಮಟ್ಟ ಏರುತ್ತದೆ. ಬೆಳಿಗ್ಗೆ ಎತ್ತಿದ್ದ ಹಲಗೆಯನ್ನು ಅದಕ್ಕೆ ಮೊದಲೇ ಇಳಿಸಬೇಕು. ಸೊಸೆ ಒಲೆಯ ಮೇಲೆ ಅನ್ನಕ್ಕಿಟ್ಟು, ಪಾತ್ರೆ ತೊಳೆದು, ಅಳತೆಗೆ ಬಂದಿದ್ದ ನೆರೆಯವಳ ರವಿಕೆ ಮಡಿಸಿಟ್ಟು, ಬೇಕೆಂದೇ ನಿಧಾನ ಮಾಡಿದಳು. ಒಂದು ಗಳಿಗೆ ತಡವಾದರೆ ಸಾಕು. ಯಾರ ತಪ್ಪೂ ಆಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಮೇಲೆ ಅವಳ ಕಾಲುಗಳೇ ಏರಿಯ ಕಡೆ ಓಡಿದವು.

ತೂಬಿನ ಬಳಿ ಅತ್ತೆ ಕೂತಿದ್ದರು. ಇಳಿಸಬೇಕಾದ ಹಲಗೆಯ ಮೇಲೇ ಕೂತಿದ್ದರು, ಸೆರಗು ಹೊದ್ದು, ಬಸ್ಸಿಗೆ ಕಾಯುವವರ ಹಾಗೆ.

"ಅತ್ತೆ? ನೀವ್ಯಾಕೆ ಇಲ್ಲಿ?"

"ಕೂತಿದೀನಿ."

"ಏಳಿ, ಹಲಗೆ ಇಳಿಸ್ಬೇಕು. ನೀರು ಬರ್ತಿದೆ."

"ಬರಲಿ."

ಸೊಸೆಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು. ಅತ್ತೆ ಸಮುದ್ರದ ಕಡೆಗೇ ನೋಡುತ್ತ ಹೇಳಿದರು: "ಇದೊಂದು ಉಬ್ಬರ ಒಳಗೆ ಬಂದ್ರೆ ಸಾಕು. ಹಲಗೆ ಸಿಕ್ಕಿಹಾಕ್ಕೊಂಡಿತ್ತು, ಇಬ್ಬರು ಹೆಂಗಸರ ಕೈಲಿ ಆಗ್ಲಿಲ್ಲ ಅಂತೀನಿ. ನಿಮ್ಮ ಮಾವ ಈ ಕಾಲಲ್ಲಿ ಇಲ್ಲಿಗೆ ಬಂದು ನೋಡಲ್ಲ."

"ನಿಮಗೆ... ನೀವೂ ಪಟ್ಟಣಕ್ಕೆ ಬರ್ಬೇಕು ಅಂತಿದೀರಾ? ಒಂದು ದಿನಾನೂ ಹೇಳಲಿಲ್ಲ?"

"ಒಂದು ದಿನಾನೂ ಯಾರು ಕೇಳಿದ್ರು? ನೀನು ಮಾವನ್ನ ಕೇಳ್ದೆ. ನನ್ನ ಮಗ ಅಪ್ಪನ್ನ ಕೇಳ್ದ. ನಾನು ಆ ಮನೆ ಕಂಬ ಅನ್ಕೊಂಡ್ರಾ?" ಅತ್ತೆಯ ದನಿ ಏರಲಿಲ್ಲ. "ನಾಲ್ಕು ವರ್ಷ ಆಯ್ತು, ಹೊಟ್ಟೆ ತುಂಬಾ ನೀರು ಕುಡಿದಿಲ್ಲ ಕಣೇ ನಾನು. ಹೊತ್ತು ತಂದಿದ್ದು ಖರ್ಚಾಗುತ್ತಲ್ಲಾ ಅಂತ."

ನೀರು ತೂಬಿನ ಬಾಯಿಗೆ ಬಂದು ಕಲ್ಲಿಗೆ ಬಡಿಯತೊಡಗಿತ್ತು. ಒಂದು ಎಳೆ ಒಳಗೆ ನುಗ್ಗಿ, ಕಾಲುವೆಯ ತಳದಲ್ಲಿ ನಾಲಿಗೆಯ ಹಾಗೆ ಚಾಚಿತು. ಸೊಸೆ ಆ ನೀರನ್ನೂ ಗದ್ದೆಯನ್ನೂ ನೋಡಿದಳು. ಅವಳೂ ಹತ್ತು ನಿಮಿಷದ ಹಿಂದೆ ಬಯಸಿದ್ದು ಇದನ್ನೇ. ಸುಮ್ಮನೆ ಅತ್ತೆಯ ಪಕ್ಕ ಕೂತರಾಗುತ್ತಿತ್ತು. ಕೂರಲೂ ಬಾಗಿದಳು.

"ಹೂ ಬಿಟ್ಟಿದೆ ಅತ್ತೆ" ಎಂದಳು.

"ನೋಡ್ದೆ. ಅದಕ್ಕೇ ಇವತ್ತು ಬಂದು ಕೂತಿದ್ದು."

"ಏಳಿ ಅತ್ತೆ. ದಮ್ಮಯ್ಯ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಕೈಯೂರಿ ಎದ್ದು, ಸೀರೆಯ ಮಣ್ಣು ಕೊಡವಿ, ಏರಿಯ ಮೇಲೆ ಮನೆಯ ಕಡೆ ನಡೆದರು. ಸೊಸೆ ಒಬ್ಬಳೇ ಹಲಗೆಯನ್ನು ಎತ್ತಿ, ತೂಬಿನ ಕಲ್ಲಿನ ಸೀಳಿನಲ್ಲಿ ಕೂರಿಸಿ, ಕಾಲಿನಿಂದ ತುಳಿದು ಇಳಿಸಿದಳು. ಸಮುದ್ರ ಆಚೆ ನಿಂತಿತು. ಅನ್ನ ಸೀದುಹೋಗಿತ್ತು. ಮಾವ ಸೀದ ಅನ್ನವನ್ನೇ ಉಂಡು, "ಪರವಾಗಿಲ್ಲಮ್ಮಾ, ಗದ್ದೆ ಉಳೀತಲ್ಲ" ಎಂದರು. ಅತ್ತೆ ಬಡಿಸಿದರು, ಉಣ್ಣಲಿಲ್ಲ.

ಭತ್ತ ಬಂತು. ಮೊದಲಿನ ಒಳ್ಳೆಯ ವರ್ಷಗಳ ಅರ್ಧದಷ್ಟು, ಆದರೆ ಬಂತು. ಮಣ್ಣಿನ ಮೇಡಂ ತೆನೆ ಹಿಡಿದು ಫೋಟೊ ತೆಗೆದಳು. ಪರೀಕ್ಷೆಯ ಪುಸ್ತಕದಲ್ಲಿ ಸೊಸೆಯ ಹೆಸರು ಬರೆದುಕೊಂಡು, "ಬರೋ ವರ್ಷ ಇಡೀ ಬಯಲಿಗೆ ಬೀಜ ನಿಮ್ಮ ಮನೆಯಿಂದಲೇ ಹೋಗಬೇಕು ಟೈಲರಮ್ಮ. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ" ಎಂದಳು. ಮಾವ ಕೋಲೂರಿಕೊಂಡು ಊರೆಲ್ಲ ತಿರುಗಿದರು. ಸಿಕ್ಕಸಿಕ್ಕವರಿಗೆ, "ನಾನಲ್ಲಪ್ಪಾ, ನನ್ನ ಸೊಸೆ ಬೆಳೆದದ್ದು" ಎಂದರು. ಹನ್ನೆರಡು ವರ್ಷ ಆ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದವಳಿಗೆ ಈಗ ಅದನ್ನು ಕೇಳಿದಾಗೆಲ್ಲ ಕೊರಳ ಹಗ್ಗವನ್ನು ಯಾರೋ ಒಂದು ಸುತ್ತು ಬಿಗಿದಂತೆ ಆಗುತ್ತಿತ್ತು.

ಹೊಸಕ್ಕಿಯ ಊಟದ ಭಾನುವಾರ ಎಲ್ಲರೂ ಒಟ್ಟಿಗೆ ಕೂತಿದ್ದರು. ಮಾವ ಬರೋ ಮಳೆಗೆ ನಾಲ್ಕೂ ಗದ್ದೆಗೆ ಇದನ್ನೇ ಹಾಕುವ ಮಾತೆತ್ತಿದರು.

"ಯಾರು ಹಾಕೋದು?" ಎಂದಳು ಸೊಸೆ.

"ಯಾರು ಅಂದ್ರೆ? ನಾವು."

"ನಾವು ಅಂದ್ರೆ ನಾನು."

ಗಂಡ ನಡುವೆ ಬಾಯಿ ಹಾಕಿದ. "ಒಂದು ವರ್ಷ ನೋಡೋಣ ಬಿಡೇ. ಅಪ್ಪ ಇಷ್ಟು ಖುಷಿಯಾಗಿರೋದು ನೋಡಿ ಎಷ್ಟು ಕಾಲ ಆಯ್ತು."

"ನೋಡೋದು ನೀವು, ಎರಡು ವಾರಕ್ಕೊಂದು ಸಲ. ಮಾಡೋದು ನಾನು, ದಿನಾ."

"ಮಾತು ಕೊಟ್ಟೋಳು ನೀನು ತಾನೇ?" ಎಂದರು ಮಾವ. ಕೋಪದಿಂದಲ್ಲ; ಮಗುವಿಗೆ ಲೆಕ್ಕ ನೆನಪಿಸುವವರ ಹಾಗೆ ಹೇಳಿದರು. "ಬಂದ್ರೆ ಪಟ್ಟಣದ ಸುದ್ದಿ ಎತ್ತಲ್ಲ ಅಂದಿದ್ದೆ."

ಸೊಸೆ ತಟ್ಟೆಯ ಅಂಚಿನ ಅನ್ನವನ್ನು ಒಳಗೆ ತಳ್ಳಿದಳು. ಹೌದು, ಅಂದಿದ್ದಳು. ಆ ವಾರವೇ ಕಾರ್ಖಾನೆಯ ಒಡತಿಯ ಫೋನು ಬಂದಿತ್ತು. ಇನ್ನು ಕಾಯಲಾಗಲಿಲ್ಲವಂತೆ, ಮೇಜಿಗೆ ಬೇರೊಬ್ಬಳು ಬಂದಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆ ಅನ್ನದ ಪಾತ್ರೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ನಾನು ಹೋಗ್ತೀನಿ" ಎಂದರು.

"ಎಲ್ಲಿಗೆ?" ಎಂದರು ಮಾವ.

"ಪಟ್ಟಣಕ್ಕೆ. ನನ್ನ ಮಗ ಹೊರಗಡೆ ತಿಂದು ತಿಂದು ಕಡ್ಡಿ ಆಗಿದಾನೆ. ಪುಟ್ಟೀನೂ ಕರ್ಕೊಂಡು ಹೋಗ್ತೀನಿ, ಆ ಶಾಲೆಗೆ ಸೇರಿಸ್ತೀನಿ. ಮಾತು ಕೊಟ್ಟೋಳು ಸೊಸೆ. ನಾನು ಯಾರಿಗೂ ಯಾವ ಮಾತೂ ಕೊಟ್ಟಿಲ್ಲ."

ಮಾವ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಇಳಿಸಿದರು. "ಏನು ಹುಚ್ಚು ಹಿಡೀತಾ? ನನಗೆ ಅಡುಗೆ ಯಾರು ಮಾಡ್ತಾರೆ?"

"ಅಕ್ಕಿ ಬಂತಲ್ಲ. ಒಲೆ ಇದೆ, ಕೈಯಿದೆ. ಮಂಡಿ ತಾನೇ ಮಡಿಸೋಕೆ ಬರ್ದೇ ಇರೋದು?"

ಪುಟ್ಟಿ ಕಿಸಕ್ಕನೆ ನಕ್ಕು, ಅಪ್ಪನ ಮುಖ ನೋಡಿ ನಿಲ್ಲಿಸಿದಳು. ನಲವತ್ತು ವರ್ಷ ಮಾತಾಡದವರು ಒಂದು ಸಲ ಮಾತಾಡಿದರೆ ಎದುರಿಗಿರುವವರಿಗೆ ಉತ್ತರ ಕೊಡುವ ಅಭ್ಯಾಸವೇ ಇರುವುದಿಲ್ಲ. ಗಂಡ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ಕೊನೆಗೆ ಉಪ್ಪಿನಕಾಯಿಯನ್ನು ನೋಡುತ್ತ ಕೂತ.

ಹದಿನೈದು ದಿನದಲ್ಲಿ ಹೊರಟೇಬಿಟ್ಟರು. ಸೊಸೆ ಪುಟ್ಟಿಗೆ ಎರಡು ಜೊತೆ ಸಮವಸ್ತ್ರ ಹೊಲಿದಳು, ಅಂಚಿನಲ್ಲಿ ಎರಡು ವರ್ಷಕ್ಕಾಗುವಷ್ಟು ಬಟ್ಟೆ ಬಿಟ್ಟು. ಬಸ್ ನಿಲ್ದಾಣದಲ್ಲಿ ಮಗಳು ಅವಳ ಸೊಂಟ ಹಿಡಿದುಕೊಂಡು, "ನೀನು ಯಾವಾಗಮ್ಮಾ?" ಎಂದು ಹತ್ತು ಸಲ ಕೇಳಿದಳು. ಗಂಡ ಗಂಟು ಏರಿಸುತ್ತಿದ್ದ.

"ಅತ್ತೆ, ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಹೋಗ್ತಿದೀರಾ?"

"ಇಲ್ಲ ಕಣೇ" ಎಂದರು ಅತ್ತೆ. ಅವಳ ಕೆನ್ನೆಗೆ ಅಂಟಿದ್ದ ದಾರದ ಎಳೆಯನ್ನು ತೆಗೆದರು. "ಆವತ್ತು ತೂಬಿನ ಹತ್ರ ಗದ್ದೆ ಉಳಿಸಿ, ಈ ಮನೇಲಿ ನನ್ನ ಜಾಗದಲ್ಲಿ ನೀನು ನಿಂತೆ. ನಾನು ಬೇಡ ಅಂದೆ, ನೀನು ಕೇಳಲಿಲ್ಲ. ಪಟ್ಟಣದಲ್ಲಿ ನಿನ್ನ ಜಾಗ ಖಾಲಿ ಬಿದ್ದಿತ್ತು. ನಾನು ಅಲ್ಲಿಗೆ ಹೊರಟೆ, ಅಷ್ಟೇ."

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವಳು ನಿಂತಿದ್ದಳು. ತಿರುಗಿ ಬರುವಾಗ, ಹೇಗೂ ಬಂದದ್ದಾಯಿತಲ್ಲ ಎಂದು ನಲ್ಲಿಯ ಬಳಿ ಕೊಡ ತುಂಬಿಸಿಕೊಂಡು ಬಂದಳು.

ಮಾವ ಕೆಟ್ಟವರಾಗಿರಲಿಲ್ಲ, ಅದೇ ಹೆಚ್ಚಿನ ಕಷ್ಟ. ಮೊದಲ ವಾರ ಮುಖ ಊದಿಸಿಕೊಂಡಿದ್ದವರು, ಎರಡನೆಯ ವಾರ ಕೂತಲ್ಲೇ ತರಕಾರಿ ಹೆಚ್ಚಿಕೊಡಲು ಕಲಿತರು. ಒಂದು ದಿನ ಸೊಸೆ ನೀರಿಗೆ ಹೋದಾಗ ತಾವೇ ಅನ್ನ ಮಾಡಿ, ಗಂಜಿಯಾದದ್ದಕ್ಕೆ ಅಕ್ಕಿಯನ್ನು ಬೈದು, "ನಿಮ್ಮತ್ತೆ ಫೋನ್ ಮಾಡಿದ್ರೆ ನಾನು ಚೆನ್ನಾಗಿದೀನಿ ಅನ್ನು" ಎಂದರು. ಸ್ವಲ್ಪ ಹೊತ್ತಿಗೆ, "ಅಷ್ಟೇನೂ ಚೆನ್ನಾಗಿಲ್ಲ ಅಂತಲೂ ಅನ್ನು" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಎದ್ದುಹೋಗಲೂ ಆಗದು, ಮರುಕಪಟ್ಟು ಇರಲೂ ಆಗದು. ಹೊಲಿಗೆ ಮಿಷನ್ನಿನ ಮೇಲೆ ಈಗ ಬೀಜದ ಚೀಲಗಳನ್ನು ಒಟ್ಟಿದ್ದರು. ನೆಲದ ತೇವ ತಾಕದ ಜಾಗ ಮನೆಯಲ್ಲಿ ಅದೊಂದೇ ಇತ್ತು.

ಮಳೆಗೆ ಇನ್ನು ಹತ್ತು ದಿನವಿರುವಾಗ ಬೀಜ ಕೇಳುವವರು ಬರತೊಡಗಿದರು. ಮೊದಲು ಊರಿನವರು, ಆಮೇಲೆ ಬಯಲಿನ ಆಚೆಯವರು. ಆ ಬೆಳಿಗ್ಗೆ ಅಂಗಳದಲ್ಲಿ ಹದಿನಾರು ಜನ ಚೀಲ ಹಿಡಿದು ಕೂತಿದ್ದರು. ಮಾವ ಅವರಿಗೆ ಸಸಿಮಡಿಯ ವಿಷಯ ಹೇಳುತ್ತ, "ಸೊಸೆ ಬರ್ತಾಳೆ ಇರಿ, ತೂಬಿನ ಹೊತ್ತೆಲ್ಲ ಅವಳಿಗೇ ಗೊತ್ತು" ಎನ್ನುತ್ತಿದ್ದರು. ಆಗ ಫೋನು ಬಂತು.

"ಅಮ್ಮಾ, ಅಜ್ಜಿ ಏನು ಮಾಡ್ತಾರೆ ಗೊತ್ತಾ?" ಪುಟ್ಟಿ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. "ನಲ್ಲಿ ತಿರುಗಿಸೋಕೆ ಯಾರಿಗೂ ಬಿಡಲ್ಲ! ಅವರೇ ತಿರುಗಿಸ್ಬೇಕಂತೆ. ದಿನಾ ಬೆಳಿಗ್ಗೆ ಎದ್ದು ದೊಡ್ಡ ಲೋಟದಲ್ಲಿ ಎರಡು ಲೋಟ ನೀರು ಕುಡೀತಾರೆ."

"ಎರಡು ಲೋಟಾನಾ?" ಸೊಸೆ ನಕ್ಕಳು.  "ಕುಡೀಲಿ ಬಿಡು. ಫೋನ್ ಅವರಿಗೆ ಕೊಡು."

"ಕೇಳಿಸ್ತಿದೆ ಹೇಳು" ಎಂದರು ಅತ್ತೆ, ಹತ್ತಿರದಿಂದಲೇ. ಹಿಂದೆ ನೀರು ಸುರಿಯುವ ಸದ್ದು. "ನಿನ್ನ ಬಟ್ಟೆ ಇಡೋಕೆ ಗೂಡಿನಲ್ಲಿ ಒಂದು ಸಾಲು ಖಾಲಿ ಬಿಟ್ಟಿದೀನಿ. ಯಾವಾಗ ಬರ್ತೀಯಾ?"

ಸೊಸೆ ಅಂಗಳದ ಕಡೆ ನೋಡಿದಳು. ಚೀಲ ಹಿಡಿದವರೆಲ್ಲ ಅವಳ ಮಾತು ಮುಗಿಯಲೆಂದು ಮರ್ಯಾದೆಯಿಂದ ಕಾಯುತ್ತಿದ್ದರು.

"ಇವರನ್ನೆಲ್ಲ ಕಳಿಸಿ ಬರ್ತೀನಿ ಅತ್ತೆ" ಎಂದಳು.

ಏರಿಯ ಮೇಲೆ ಇನ್ನೂ ನಾಲ್ಕು ಜನ ಸಾಲಾಗಿ ನಡೆದು ಬರುತ್ತಿದ್ದರು. ಅವರ ಹಿಂದೆ ಮತ್ತೊಬ್ಬ ಸೈಕಲ್ ತಳ್ಳಿಕೊಂಡು ಬರುತ್ತಿದ್ದ.